ಮೆಣಸಿನ ಉಗ್ರಾಣದಲ್ಲಿ ನವೀನ ಕಲೆ

ಕೊಚ್ಚಿ-ಮುಜಿರಿಸ್ ಬಿನಾಲೆಯನ್ನು ನೋಡಿ ಬಂದವರನ್ನು ‘ಹೇಗಿತ್ತು?’ ಎಂದು ಕೇಳಿದರೆ ಬರುವ ಉತ್ತರ ಎರಡೇ ಬಗೆ. ‘ಅದ್ಭುತ’ ಎನ್ನುವವರು ಯಾವುದು ಅದ್ಭುತವೆಂದು ಬಿಡಿಸಿ ಹೇಳುವುದಿಲ್ಲ. ‘ನಮಗೊಂದೂ ತಿಳಿಯಲಿಲ್ಲ’ ಎನ್ನುವವರು, ತಿಳಿಯಲೆಂದು ಎಷ್ಟು ಹೊತ್ತು ನಿಂತಿದ್ದರೆಂದು ಹೇಳುವುದಿಲ್ಲ. ಮೊದಲ ಸಲದಿಂದ ಮೂರು ಬಾರಿ ಈ ಉತ್ಸವಕ್ಕೆ ಹೋಗಿ ಬಂದಿರುವ ನನಗೆ, ಇವೆರಡರ ನಡುವೆ ಆಡಬೇಕಾದ ಮಾತು ಸ್ವಲ್ಪ ಇದೆಯೆಂದು ತೋರುತ್ತದೆ.

ಕಲಾವಿದರಾದ ಬೋಸ್ ಕೃಷ್ಣಮಾಚಾರಿ ಮತ್ತು ರಿಯಾಸ್ ಕೋಮು ಅವರು ಕೇರಳ ಸರ್ಕಾರದ ನೆರವಿನಿಂದ 2012ರ ಡಿಸೆಂಬರ್ 12ರಂದು ಇದನ್ನು ಆರಂಭಿಸಿದರು. ಇದಕ್ಕೆಂದೇ ಕಟ್ಟಿದ ಕಲಾಭವನವಿಲ್ಲ. ಫೋರ್ಟ್ ಕೊಚ್ಚಿಯಿಂದ ಮಟ್ಟಾಂಚೇರಿಯವರೆಗೆ ಚೆದುರಿರುವ ಹಳೆಯ ಕಟ್ಟಡಗಳೂ ಉಗ್ರಾಣಗಳೂ ಪ್ರದರ್ಶನಶಾಲೆಗಳಾದವು. ಅವುಗಳಲ್ಲಿ ಮುಖ್ಯವಾದ ಆಸ್ಪಿನ್‌ವಾಲ್ ಹೌಸ್, 1867ರಲ್ಲಿ ಹುಟ್ಟಿದ ವರ್ತಕ ಸಂಸ್ಥೆಯೊಂದರದು. ಮೆಣಸು, ಶುಂಠಿ, ತೆಂಗಿನ ನಾರು, ಕಾಫಿಗಳ ವ್ಯಾಪಾರ ನಡೆದ ಜಾಗ. ಸುಣ್ಣ ಉದುರಿದ ಗೋಡೆ, ಮಾಸಿದ ತೊಲೆ, ಕಿಟಕಿಯಾಚೆ ಮೆಲ್ಲನೆ ಸಾಗುವ ಹಡಗು. ಇಂಥ ಮನೆಯೊಳಗೆ ಬಂದು ನಿಲ್ಲುವುದು ಕಲಾಕೃತಿಗೆ ಸುಲಭವಲ್ಲ. ಬಿಳಿಯ ಗೋಡೆಯ ಮೇಲೆ ಗಂಭೀರವಾಗಿ ಕಾಣುವ ಎಷ್ಟೋ ಕೃತಿಗಳು ಇಲ್ಲಿ, ಮದುವೆ ಮನೆಗೆ ಕರೆಯದೆ ಬಂದವರ ಹಾಗೆ ಮೂಲೆಯಲ್ಲಿ ಮುದುರಿದ್ದನ್ನು ಕಂಡಿದ್ದೇನೆ. ಮನೆಯೊಡನೆ ಮಾತಿಗೆ ನಿಂತವು ಮಾತ್ರ ಗೆದ್ದವು.

ಭದ್ರಾವತಿಯಲ್ಲಿ ಹುಟ್ಟಿದ ನಮ್ಮ ಶೀಲಾ ಗೌಡರೂ ಕ್ರಿಸ್ಟಾಫ್ ಸ್ಟಾರ್ಜ್ ಅವರೂ ಸೇರಿ 2012ರಲ್ಲಿ ಮಾಡಿದ ‘ಸ್ಟಾಪ್‌ಓವರ್’ ಅಂಥದು. ಸುಮಾರು 170 ಒರಳುಕಲ್ಲುಗಳು. ಬೆಂಗಳೂರಿನ ಜನ ಮಿಕ್ಸಿ ಬಂದ ಮೇಲೆ ಬೀದಿಗೆ ತಂದಿಟ್ಟವು. ಅರಿಸಿನ ಕುಂಕುಮ ಕಂಡ ಕಲ್ಲನ್ನು ಒಡೆಯಲು ಮನಸ್ಸು ಬಾರದು, ಮನೆಯಲ್ಲಿಟ್ಟುಕೊಳ್ಳಲು ಜಾಗವಿಲ್ಲ. ಅವೆಲ್ಲ ಸಂಬಾರದ ಬಂದರಿಗೆ ಬಂದು ಕುಳಿತಿದ್ದವು.

‘ಇದರಲ್ಲಿ ಕಲಾವಿದರು ಮಾಡಿದ್ದಾದರೂ ಏನು? ಕಲ್ಲು ಕಡೆದವನು ಯಾರೋ ಕಲ್ಲುಕುಟಿಗ, ಸವೆಸಿದವರು ನಮ್ಮ ಅಜ್ಜಿಯರು’ ಎಂದು ಪಕ್ಕದಲ್ಲಿದ್ದ ಹಿರಿಯರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ನನ್ನ ಉತ್ತರವಿಷ್ಟು: ಬೀದಿಯ ತುದಿಯಲ್ಲಿ ಒಂದು ಒರಳು ಬಿದ್ದಿದ್ದರೆ ನಾವು ದಾಟಿ ಹೋಗುತ್ತೇವೆ. ನೂರೆಪ್ಪತ್ತು ಒಟ್ಟಿಗೆ ಕುಳಿತಾಗ ಹಾಗೆ ದಾಟಿಹೋಗಲು ಆಗುವುದಿಲ್ಲ. ಒಂದೊಂದರ ಗುಳಿಯ ಆಳವೂ ಬೇರೆ. ಆ ಆಳವನ್ನು ಮಾಡಿದ್ದು ಉಳಿಯಷ್ಟೇ ಅಲ್ಲ, ಬೆಳಗಿನ ಹಿಟ್ಟು, ಮಧ್ಯಾಹ್ನದ ಚಟ್ನಿ, ಹೆಂಗಸರ ತೋಳು. ಮೆಣಸಿನ ಚರಿತ್ರೆಯೆಂದರೆ ವಾಸ್ಕೋ ಡ ಗಾಮನ 1498 ಎಂದು ಬಾಯಿಪಾಠ ಮಾಡಿದ ನಮಗೆ, ಅದೇ ಮೆಣಸನ್ನು ಅರೆದ ಕೈಗಳ ಚರಿತ್ರೆಯನ್ನು ಯಾವ ಪಾಠದಲ್ಲೂ ಹೇಳಿರಲಿಲ್ಲ. ಕಲ್ಲಿಗೆ ಒಂದು ಗೆರೆಯನ್ನೂ ಸೇರಿಸದೆ, ಎಲ್ಲಿಡಬೇಕೆಂಬುದನ್ನು ಅರಿತದ್ದೇ ಇಲ್ಲಿ ಕಲೆ. ಒರಳನ್ನೇ ಕಾಣದ ಪರದೇಶದ ಪ್ರೇಕ್ಷಕನಿಗೆ ಇದು ಬರಿಯ ದುಂಡು ಆಕಾರಗಳ ಸಾಲಾಗಿ ಕಂಡಿದ್ದರೆ ಅವನನ್ನು ದೂರಲಾರೆ. ಎಲ್ಲ ಕೃತಿಯೂ ಎಲ್ಲರಿಗೂ ಒಂದೇ ಅಳತೆಯಲ್ಲಿ ದೊರೆಯಬೇಕೆಂಬ ನಿಯಮವೇನಿಲ್ಲ.

2014ರಲ್ಲಿ ಎಲ್ಲರ ಬಾಯಲ್ಲಿದ್ದುದು ಅನೀಶ್ ಕಪೂರರ ‘ಡಿಸೆನ್ಷನ್’. ನೆಲದ ಕುಳಿಯಲ್ಲಿ ಕಪ್ಪು ನೀರು ಸುಳಿಸುಳಿಯಾಗಿ ಒಳಕ್ಕಿಳಿಯುತ್ತದೆ, ಆಚೆಗೆ ಸಮುದ್ರ. ಕಾಲ ಕೆಳಗಿನ ನೆಲವೇ ಜಾರಿದಂತೆ ಭಯವಾಗುವುದು ನಿಜ. ಆದರೆ ಆ ಭಯದಲ್ಲಿ ಯಂತ್ರದ ಪಾಲೆಷ್ಟು, ಊರಿನ ಪಾಲೆಷ್ಟು? 1341ರ ಪೆರಿಯಾರ್ ಪ್ರವಾಹದಲ್ಲಿ ಮುಜಿರಿಸ್ ಬಂದರು ಹೂಳಿಹೋಗಿ ಕೊಚ್ಚಿ ತಲೆಯೆತ್ತಿತೆಂಬ ಮಾತನ್ನು ನೆನೆದು ನಿಂತವನಿಗೆ ಆ ಸುಳಿಗೊಂದು ಅರ್ಥವಿತ್ತು. ಆಮೇಲೆ ಅದೇ ಸುಳಿ 2015ರಲ್ಲಿ ವರ್ಸೈ ಅರಮನೆಯ ತೋಟದಲ್ಲಿ, 2017ರಲ್ಲಿ ನ್ಯೂಯಾರ್ಕಿನಲ್ಲಿ ತಿರುಗಿತು. ಕೊಚ್ಚಿ ಅದಕ್ಕೆ ಕೊಟ್ಟದ್ದು ಕಡವೆಂದೇ ನನ್ನ ಭಾವನೆ.

ರೌಲ್ ಜುರಿಟಾ ಅವರದು ಬೇರೆ ಮಾತು. ಚಿಲಿಯ ಈ ಕವಿ 1973ರ ಸೈನಿಕ ಕ್ಷಿಪ್ರಕ್ರಾಂತಿಯ ವೇಳೆ ಹಡಗೊಂದರಲ್ಲಿ ಸೆರೆಯಾಗಿದ್ದವರು. 2016ರಲ್ಲಿ ಅವರು ಉದ್ದನೆಯ ಉಗ್ರಾಣವೊಂದಕ್ಕೆ ಸಮುದ್ರದ ನೀರನ್ನೇ ತುಂಬಿಸಿದರು. ನಿರಾಶ್ರಿತರ ದೋಣಿ ಮುಳುಗಿ 2015ರಲ್ಲಿ ಸತ್ತ ಅಲನ್ ಕುರ್ದಿಯ ಚಿತ್ರವನ್ನು ಜಗತ್ತೆಲ್ಲ ಕಂಡಿತು. ಅವನೊಡನೆ ಸತ್ತ ಅಣ್ಣ ಗಾಲಿಪನ ಚಿತ್ರವನ್ನು ಯಾರೂ ಕಾಣಲಿಲ್ಲ. ಕೃತಿ ಆ ಅಣ್ಣನಿಗೆ ಅರ್ಪಿತ. ಜನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಪಂಚೆಯನ್ನೋ ಸೀರೆಯನ್ನೋ ಎತ್ತಿ ಹಿಡಿದು, ನೀರಲ್ಲಿ ನಡೆದು ದೂರದ ಗೋಡೆಯ ಬರಹವನ್ನು ತಲಪಬೇಕು. ಹರಟುತ್ತ ಒಳಗೆ ಇಳಿದ ಕಾಲೇಜು ಹುಡುಗರು ನಡುವೆ ಸುಮ್ಮನಾದದ್ದನ್ನು ಕಂಡೆ. ಪಟ ತೆಗೆದುಕೊಳ್ಳುವವರು ಅಲ್ಲಿಯೂ ಇದ್ದರೆನ್ನಿ.

ಇಷ್ಟು ಹೇಳಿದ ಮೇಲೆ ವ್ಯವಸ್ಥೆಯ ಮಾತು. 2022ರಲ್ಲಿ ಕೃತಿಗಳು ಸಜ್ಜಾಗದೆ ಉದ್ಘಾಟನೆ ಡಿಸೆಂಬರ್ 12ರಿಂದ 23ಕ್ಕೆ ಹೋಗಿ, ಕಲಾವಿದರೇ ಬಹಿರಂಗ ಪತ್ರ ಬರೆಯಬೇಕಾಯಿತು. ದೂರದಿಂದ ರಜೆ ಹಾಕಿ, ರೈಲಿನ ಟಿಕೆಟ್ಟು ಕೊಂಡು ಬರುವ ಸಾಮಾನ್ಯ ಪ್ರೇಕ್ಷಕನನ್ನು ಇಂಥಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗೋಡೆಯ ಫಲಕಗಳ ಇಂಗ್ಲಿಷಂತೂ ಎಷ್ಟೋ ಕಡೆ ಕೃತಿಗಿಂತ ಕಠಿಣ. ಅವನ್ನು ಓದಿಯೇ ಬಹಳ ಮಂದಿ ಕೃತಿಗೆ ಹೆದರುತ್ತಾರೆ. ಇನ್ನು ಕತ್ತಲೆಯ ಕೋಣೆಗಳಲ್ಲಿ ಗಂಟೆಗಟ್ಟಲೆ ಓಡುವ ಚಲನಚಿತ್ರಗಳು. ನಿಂತು ನೋಡಿ ಕಾಲು ಸೋತವರಿಗಾಗಿ ಒಂದು ಬೆಂಚನ್ನಾದರೂ ಹಾಕಿಸಿದ್ದರೆ, ಚಿತ್ರದ ಕೊನೆಯಲ್ಲಿ ಏನಾಯಿತೆಂಬುದನ್ನೂ ಬರೆಯುತ್ತಿದ್ದೆ.