ಹಗುರ ಅಂದ್ರೆ ಯಾರಿಗೆ ಹಗುರ?

ಊರಲ್ಲಿ ಅಪ್ಪನ ಟೂ-ಇನ್-ಒನ್ ಕೆಟ್ಟು ಎರಡು ವರ್ಷ ಆಗಿತ್ತು. ರಿಪೇರಿ ಮಾಡುವವರು ಅರಸೀಕೆರೆಯಲ್ಲೂ ಸಿಗಲಿಲ್ಲ. ಟ್ರಂಕಿನ ತುಂಬ ಕ್ಯಾಸೆಟ್ಟು ಹಾಗೇ ಬಿದ್ದಿತ್ತು: ಹರಿಕಥೆ, ನಾಟಕದ ಹಾಡು, ಭಜನೆ. ಎಲ್ಲವನ್ನೂ ಫೋನಿಗೆ ಹಾಕಿಕೊಡ್ತೀನಿ ಅಂದೆ. ಬೇಡ ಅಂದರು. "ಫೋನಾದ್ರೆ ಹುಡುಕಬೇಕು, ಒತ್ತಬೇಕು. ಸ್ವಿಚ್ ಹಾಕಿದ್ರೆ ಹಾಡಬೇಕು, ತೆಗೆದ್ರೆ ಸುಮ್ಮನಾಗಬೇಕು. ಅಂಥದ್ದು ಮಾಡು, ಬಿಇ ಓದಿದೀಯಲ್ಲ."

ಇದು 2021ರ ಮಾತು. ವರ್ಕ್ ಫ್ರಮ್ ಹೋಮ್ ನೆಪದಲ್ಲಿ ಊರಲ್ಲೇ ಇದ್ದೆ. ಮೊದಲ ಕೆಲಸ ಸಿಕ್ಕಾಗ ಆಸೆಪಟ್ಟು ಕೊಂಡು, ನಾಲ್ಕು ದಿನ ಆಡಿ, ಡ್ರಾಯರಿಗೆ ಎಸೆದಿದ್ದ ಹಳೇ ರಾಸ್‌ಬೆರಿ ಪೈ ನೆನಪಾಯ್ತು. ನಿಮ್ಮಲ್ಲಿ ಎಷ್ಟೋ ಜನರ ಡ್ರಾಯರಿನಲ್ಲೂ ಒಂದು ಇರಬಹುದು. ಮಾಡೆಲ್ ಬಿ, 700 ಮೆಗಾಹರ್ಟ್ಸ್‌ನ ಒಂದೇ ಒಂದು ಕೋರ್. 2012ರ ಫೆಬ್ರವರಿ 29ಕ್ಕೆ 35 ಡಾಲರಿಗೆ ಬಿಡುಗಡೆಯಾದಾಗ ಅದರಲ್ಲಿದ್ದದ್ದು 256 ಎಂಬಿ ರ‍್ಯಾಮ್. ಅದೇ ಅಕ್ಟೋಬರಿನಲ್ಲಿ 512 ಮಾಡಿದರು. ನನ್ನದು 512ರದ್ದು. ಇಷ್ಟು ಬಡಕಲು ಬೋರ್ಡಿಗೆ ಏನು ಹಾಕಲಿ ಅಂತ ಯಾರನ್ನೇ ಕೇಳಿ, ಉತ್ತರ ಒಂದೇ: "ಲೈಟ್‌ವೇಟ್ ಡಿಸ್ಟ್ರೋ ಹಾಕು ಗುರೂ."

ನನ್ನ ತಕರಾರು ಇರೋದು ಆ "ಲೈಟ್‌ವೇಟ್" ಅನ್ನೋ ಪದದ ಜೊತೆಗೆ.

ಲಿನಕ್ಸ್ ಲೋಕದಲ್ಲಿ ಹಗುರ ಅಂದ್ರೆ ಏನು? ಬೂಟ್ ಆಗಿ ಸುಮ್ಮನೆ ಕೂತಾಗ ಎಷ್ಟು ರ‍್ಯಾಮ್ ತಿನ್ನುತ್ತೆ, ಇಮೇಜ್ ಎಷ್ಟು ಎಂಬಿ, ಎಷ್ಟು ಪ್ರೋಸೆಸ್ ಓಡ್ತಾ ಇವೆ. ನಮ್ಮ ಜನ ಬೈಕ್ ಕೊಳ್ಳೋವಾಗ "ಎಷ್ಟು ಕೊಡುತ್ತೆ?" ಅಂತ ಮೈಲೇಜ್ ಕೇಳ್ತಾರಲ್ಲ, ಹಾಗೆ. ಆದರೆ ಅಪ್ಪನ ಪ್ರಶ್ನೆ ಬೇರೆಯೇ ಇತ್ತು. ಅವರ ಟೂ-ಇನ್-ಒನ್‌ಗೆ ಎರಡು ಗುಣ ಇದ್ದವು. ಯಾವಾಗ ಬೇಕಾದರೂ ಸ್ವಿಚ್ ತೆಗೆಯಬಹುದಿತ್ತು. ಮತ್ತೆ, ರೆಕಾರ್ಡ್ ಮಾಡುವಾಗ ನಡುವೆ ಕರೆಂಟ್ ಹೋದರೂ ಅಲ್ಲಿವರೆಗೆ ಹಾಡಿದ್ದು ಟೇಪಿನಲ್ಲಿ ಉಳಿದಿರುತ್ತಿತ್ತು. ನನ್ನ ಬೋರ್ಡು, ಅದರ ಮೇಲಿನ ಡಿಸ್ಟ್ರೋ, ಈ ಎರಡು ಪರೀಕ್ಷೆ ಪಾಸಾಗಬೇಕು. ಮಿಕ್ಕಿದ್ದೆಲ್ಲ ನಮ್ಮ ಇಂಜಿನಿಯರುಗಳ ಶೋಕಿ.

ಮೊದಲು ಹಾಕಿದ್ದು ರಾಸ್‌ಬೆರಿ ಪೈ ಓಎಸ್, ಡೆಸ್ಕ್‌ಟಾಪ್ ಇಲ್ಲದ ಲೈಟ್ ಆವೃತ್ತಿ. 2020ರವರೆಗೆ ಇದರ ಹೆಸರು ರಾಸ್ಪಿಯನ್. ಇದರ ಹಿಂದಿನ ಕಥೆ ಹೇಳಲೇಬೇಕು. ಮೊದಲ ಪೈನಲ್ಲಿ ಇದ್ದದ್ದು ಆರ್ಮ್‌ವಿ6 ಚಿಪ್ಪು. ಡೆಬಿಯನ್ನಿನ ವೇಗದ ಆವೃತ್ತಿ ಬೇಕು ಅಂದ್ರೆ ಕನಿಷ್ಠ ಆರ್ಮ್‌ವಿ7 ಇರಬೇಕಿತ್ತು. ಇದರ ಮೇಲೆ ಓಡುತ್ತಿದ್ದ ಹಳೇ ಆವೃತ್ತಿ ಚಿಪ್ಪಿನೊಳಗಿನ ಫ್ಲೋಟಿಂಗ್ ಪಾಯಿಂಟ್ ಯಂತ್ರವನ್ನು ಸರಿಯಾಗಿ ಬಳಸುತ್ತಿರಲಿಲ್ಲ. ಆಗ ಮೈಕ್ ಥಾಂಪ್ಸನ್ ಮತ್ತು ಪೀಟರ್ ಗ್ರೀನ್ ಅನ್ನುವ ಇಬ್ಬರು ಡೆಬಿಯನ್ನಿನ ಸಾವಿರಾರು ಪ್ಯಾಕೇಜುಗಳನ್ನು ಈ ಚಿಪ್ಪಿಗಾಗಿ ಮತ್ತೆ ಬಿಲ್ಡ್ ಮಾಡಿದರು. ಅದೇ ರಾಸ್ಪಿಯನ್. ಅಗ್ಗದ ಬೋರ್ಡು ಜನಕ್ಕೆ ಹಗುರ ಅನ್ನಿಸಿದ್ದು ಆ ಭಾರವನ್ನು ಯಾರೋ ಹೊತ್ತಿದ್ದರಿಂದ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತೆ.

ಹಾಡು ನುಡಿಸೋಕೆ ಎಂಪಿಡಿ ಅನ್ನುವ ಪುಟ್ಟ ತಂತ್ರಾಂಶ, 3.5 ಎಂಎಂ ಜ್ಯಾಕಿನಿಂದ ಹಳೇ ಆಂಪ್ಲಿಫೈಯರಿಗೆ ಒಂದು ವೈರು. ಚೆನ್ನಾಗಿಯೇ ಹಾಡಿತು. ಮೂರನೇ ವಾರ ಸತ್ತಿತು.

ಕಾರಣ ಸರಳ. ಪೈಗೆ ಆಫ್ ಮಾಡುವ ಸ್ವಿಚ್ಚೇ ಇಲ್ಲ. "ಶಟ್‌ಡೌನ್ ಕೊಟ್ಟು, ಹಸಿರು ದೀಪ ನಿಂತ ಮೇಲೆ ಪ್ಲಗ್ ತೆಗೀರಿ" ಅಂತ ಅಪ್ಪನಿಗೆ ಹೇಳಿದ್ದೆ. ಅವರು ನನ್ನನ್ನು ನೋಡಿದ ನೋಟ ಈಗಲೂ ಕಣ್ಣ ಮುಂದಿದೆ. ಅವರೇನೋ ಕಲಿಯಬಹುದು, ಕರೆಂಟಿಗೆ ಕಲಿಸೋರು ಯಾರು? ತ್ರೀ ಫೇಸ್ ಬಂದಾಗೊಮ್ಮೆ, ಹೋದಾಗೊಮ್ಮೆ ಮನೆಯ ದೀಪ ಮಿಟುಕಿಸುತ್ತೆ. ಎಸ್‌ಡಿ ಕಾರ್ಡಿನೊಳಗಿನ ಫ್ಲ್ಯಾಶ್ ಮೆಮೊರಿಯನ್ನು ದೊಡ್ಡ ದೊಡ್ಡ ಬ್ಲಾಕುಗಳಲ್ಲಿ ಅಳಿಸಿ ಬರೆಯಬೇಕು. ಕಾರ್ಡಿನ ಕಂಟ್ರೋಲರ್ ಒಳಗೊಳಗೇ ಡೇಟಾ ಎತ್ತಿ ಎತ್ತಿ ಇಡುತ್ತಿರುತ್ತೆ. ಆ ಹೊತ್ತಿಗೆ ಕರೆಂಟ್ ಹೋದರೆ ಬರೆಯುತ್ತಿದ್ದ ಫೈಲ್ ಮಾತ್ರವಲ್ಲ, ತನ್ನ ಪಾಡಿಗೆ ಕೂತಿದ್ದ ಫೈಲೂ ಹಾಳಾಗಬಹುದು. ನಮ್ಮ ಪೆಟ್ಟಿಗೆ ಬರೀ ಹಾಡುತ್ತಿತ್ತು, ಏನು ಬರೆಯುತ್ತಿತ್ತು ಅಂತೀರಾ? ಲಾಗ್. ಯಾರೂ ಓದದ ಲಾಗ್.

ನ್ಯಾಯವಾಗಿ ಹೇಳಬೇಕು ಅಂದ್ರೆ ಈ ಓಎಸ್‌ನಲ್ಲೇ ಓವರ್‌ಲೇ ಅನ್ನುವ ಆಯ್ಕೆ ಇದೆ. ಹಾಕಿದರೆ ಕಾರ್ಡಿಗೆ ಏನೂ ಬರೆಯದೆ, ಬದಲಾವಣೆ ಎಲ್ಲ ರ‍್ಯಾಮಿನಲ್ಲೇ ಇಟ್ಟುಕೊಳ್ಳುತ್ತೆ. ಆದರೆ ಅದು ಕಾನ್ಫಿಗ್ ಮೆನುವಿನ ಒಂದು ಮೂಲೆಯಲ್ಲಿದೆ. ಕಾರ್ಡ್ ಹೋದ ಮೇಲೆ ಹುಡುಕುವವರಿಗೆ ಮಾತ್ರ ಸಿಗುತ್ತೆ.

ಎರಡನೆಯದು ಡಯಟ್‌ಪೈ. ಹೆಸರೇ ಹೇಳುವಂತೆ ಇದು ಪಥ್ಯದಲ್ಲಿರುವ ಡೆಬಿಯನ್. ಓಪನ್‌ಎಸ್‌ಎಸ್‌ಹೆಚ್ ಬದಲು ಡ್ರಾಪ್‌ಬೇರ್, ಬೇಕಾದ ತಂತ್ರಾಂಶ ಆರಿಸಿಕೊಳ್ಳೋಕೆ ಒಂದು ಪಟ್ಟಿ, ಲಾಗ್ ಎಲ್ಲ ರ‍್ಯಾಮಿನಲ್ಲಿ. ಸುಳ್ಳು ಹೇಳಬಾರದು, ಈ ಮೂರರಲ್ಲಿ ಹೊಸಬರನ್ನು ಅತಿ ಹೆಚ್ಚು ಗೌರವದಿಂದ ನಡೆಸಿಕೊಂಡದ್ದು ಇದೇ. ಮೆನು ಸ್ಪಷ್ಟ, ಎಚ್ಚರಿಕೆ ಸ್ಪಷ್ಟ.

ಆದರೆ ಒಂದು ತಮಾಷೆ ಆಯ್ತು. ಅಪ್ಪನಿಗೆ ಬೆಳಿಗ್ಗೆ ಐದೂವರೆಗೆ ಸುಪ್ರಭಾತ ತಾನಾಗೇ ಬರಬೇಕಿತ್ತು. ಕ್ರಾನ್‌ನಲ್ಲಿ ಒಂದು ಸಾಲು ಹಾಕಿದೆ. ಒಂದಿನ ಮಧ್ಯಾಹ್ನ ಹನ್ನೆರಡೂವರೆಗೆ, ಊಟದ ಹೊತ್ತಿಗೆ, ಪೆಟ್ಟಿಗೆ ದೇವರನ್ನು ಎಬ್ಬಿಸೋಕೆ ಶುರು ಮಾಡಿತು. ಈ ಬೋರ್ಡಿನಲ್ಲಿ ಬ್ಯಾಟರಿ ಇರುವ ಗಡಿಯಾರ ಇಲ್ಲ. ಕೊನೆಗೆ ಬರೆದಿಟ್ಟ ಸಮಯದಿಂದಲೇ ಎದ್ದು ಎಣಿಸುತ್ತೆ, ಆಮೇಲೆ ಇಂಟರ್ನೆಟ್ಟಿನಲ್ಲಿ ಕೇಳಿ ತಿದ್ದಿಕೊಳ್ಳುತ್ತೆ. ಹಿಂದಿನ ರಾತ್ರಿ ಹತ್ತಕ್ಕೆ ಹೋದ ಕರೆಂಟ್ ಬಂದದ್ದು ಬೆಳಿಗ್ಗೆ ಐದಕ್ಕೆ. ಅವತ್ತು ಇಂಟರ್ನೆಟ್ಟೂ ಇರಲಿಲ್ಲ. ಏಳು ಗಂಟೆ ಹಿಂದೆ ಬಿದ್ದಿತ್ತು ಪಾಪ. ಒಂದು ಡಿಎಸ್3231 ಗಡಿಯಾರ ಮಾಡ್ಯೂಲ್ ತರಿಸಿ ಹಾಕಿದೆ, ಸರಿಹೋಯ್ತು. ಆದರೆ ಒಂದು ಮಾತು ಮನಸ್ಸಿನಲ್ಲಿ ಕೂತಿತು. "ನೆಟ್ ಇದ್ದೇ ಇರುತ್ತೆ" ಅಂತ ಬಿಟ್ಟಿದ್ದ ಭಾಗ ನಮ್ಮ ಮನೆಗೆ ಬಂದಾಗ ಮತ್ತೆ ಭಾರವಾಗಿತ್ತು.

ನಾಲ್ಕು ತಿಂಗಳು ಚೆನ್ನಾಗಿ ನಡೆಯಿತು. ದೀಪಾವಳಿ ಮುಂದೆ ಮತ್ತೆ ಕಾರ್ಡ್ ಕೈಕೊಟ್ಟಿತು. ಬರೆಯುವುದನ್ನು ಕಮ್ಮಿ ಮಾಡಿದರೆ ಸಾವು ಮುಂದಕ್ಕೆ ಹೋಗುತ್ತೆ, ತಪ್ಪೋದಿಲ್ಲ.

ಮೂರನೆಯದು ಆಲ್ಪೈನ್. ಐಟಿಯಲ್ಲಿ ಇರುವ ನಿಮಗೆ ಈ ಹೆಸರು ಗೊತ್ತು; ಡಾಕರ್‌ಫೈಲಿನ ಮೊದಲ ಸಾಲಿನಲ್ಲಿ ಎಷ್ಟು ಸಲ ಟೈಪ್ ಮಾಡಿಲ್ಲ! ಆದರೆ ಅದು ಹುಟ್ಟಿದ್ದು ಕಂಟೇನರಿಗಲ್ಲ. 2005ರ ಸುಮಾರಿಗೆ ನತಾನೆಲ್ ಕೋಪಾ ಶುರು ಮಾಡಿದ್ದು. ರೌಟರ್, ಫೈರ್‌ವಾಲ್‌ನಂಥ, ಮೂಲೆಯಲ್ಲಿ ಕೂತು ಯಾರ ಗಮನಕ್ಕೂ ಬಾರದೆ ಕೆಲಸ ಮಾಡುವ ಪೆಟ್ಟಿಗೆಗಳು ಅದರ ಮನಸ್ಸಿನಲ್ಲಿದ್ದವು. ಗ್ಲಿಬ್‌ಸಿ ಬದಲು ಮಸ್ಲ್, ಹತ್ತಾರು ಕಮಾಂಡುಗಳ ಬದಲು ಎಲ್ಲವೂ ಒಂದರಲ್ಲೇ ಇರುವ ಬ್ಯುಸಿಬಾಕ್ಸ್, ಸಿಸ್ಟಮ್‌ಡಿ ಬದಲು ಓಪನ್‌ಆರ್‌ಸಿ.

ಇದರಲ್ಲಿ ಡಿಸ್ಕ್‌ಲೆಸ್ ಅನ್ನುವ ಒಂದು ವಿಧಾನ ಇದೆ. ಬೂಟ್ ಆಗುವಾಗ ಇಡೀ ಸಿಸ್ಟಮ್ ಕಾರ್ಡಿನಿಂದ ಎದ್ದು ರ‍್ಯಾಮಿನಲ್ಲಿ ಕೂರುತ್ತೆ. ಆಮೇಲೆ ಕಾರ್ಡಿಗೆ ಬರೆಯುವುದಿಲ್ಲ. ಏನಾದರೂ ಬದಲಾಯಿಸಿದರೆ "ಎಲ್‌ಬಿಯು ಕಮಿಟ್" ಅಂತ ಒಂದು ಆದೇಶ ಕೊಡಬೇಕು. ಆಗ ಬದಲಾವಣೆಗಳನ್ನು ಒಂದು ಗಂಟು ಕಟ್ಟಿ ಕಾರ್ಡಿನಲ್ಲಿ ಇಡುತ್ತೆ, ಮುಂದಿನ ಸಲ ಎದ್ದಾಗ ಬಿಚ್ಚಿ ಹಾಕಿಕೊಳ್ಳುತ್ತೆ. ರ‍್ಯಾಮ್ ಲೆಕ್ಕದಲ್ಲಿ ನೋಡಿದರೆ ಇದು ಭಾರವೇ, ಫೈಲ್ ಸಿಸ್ಟಮ್ಮೂ ರ‍್ಯಾಮಿನಲ್ಲೇ ಇರುತ್ತಲ್ಲ. ಬರೀ ಆ ಒಂದು ಅಂಕಿ ನೋಡಿ ಸಾಲಾಗಿ ನಿಲ್ಲಿಸುವವರು ಇದನ್ನು ಹಿಂದಕ್ಕೆ ತಳ್ಳುತ್ತಾರೆ. ಆದರೆ ಅಪ್ಪ ದಿನಕ್ಕೆ ಹತ್ತು ಸಲ ಸ್ವಿಚ್ ತೆಗೆದರು, ಹಾಕಿದರು. ಕಾರ್ಡಿಗೆ ಏನೂ ಆಗಲಿಲ್ಲ. ಮೊದಲ ಪರೀಕ್ಷೆ ಪಾಸು. ನಾನು ಬೀಗಿದೆ.

ಬೆಂಗಳೂರಿಗೆ ವಾಪಸ್ ಬರುವ ಮುಂಚೆ, ಹೊಸ ಹಾಡು ಹಾಕೋಕೆ ಅನುಕೂಲ ಆಗಲಿ ಅಂತ, ಮನೆಯ ವೈಫೈನಲ್ಲಿ ಕಾಣುವ ಒಂದು ಫೋಲ್ಡರ್ ಮಾಡಿಟ್ಟೆ. ಹಳೇ ಹಾಡೆಲ್ಲ ಪೆನ್‌ಡ್ರೈವಿನಲ್ಲಿದ್ದವು. ಹೊಸದು ಬಂದರೆ ಆಮೇಲೆ ನಾನೇ ಅಲ್ಲಿಗೆ ಸಾಗಿಸ್ತೀನಿ ಅಂದುಕೊಂಡು ಈ ಫೋಲ್ಡರನ್ನು ಹೋಮ್‌ನಲ್ಲೇ ಬಿಟ್ಟಿದ್ದೆ.

ಸಂಕ್ರಾಂತಿಗೆ ಚಿಕ್ಕಪ್ಪನ ಮಗ ಅಜ್ಜಿಯನ್ನು ಕೂರಿಸಿಕೊಂಡು ಐದು ಪದ ರೆಕಾರ್ಡ್ ಮಾಡಿದ. ಎರಡು ಸೋಬಾನೆ, ಮೂರು ಬೀಸೋ ಪದ. ಫೋನಿನಿಂದ ಆ ಫೋಲ್ಡರಿಗೆ ಕಳಿಸಿದ, ಹಸಿರು ಟಿಕ್ ಬಂತು. ಮನೆಮಂದಿಯೆಲ್ಲ ಸ್ಪೀಕರಿನಲ್ಲಿ ಕೇಳಿದರು. ಪೆಟ್ಟಿಗೆಗೆ ಸೇರಿತಲ್ಲ ಅಂತ ಫೋನಿನಿಂದ ಅಳಿಸಿದ, ಅವನ ಫೋನಿನಲ್ಲಿ ಜಾಗ ಯಾವಾಗಲೂ ಕಮ್ಮಿ. ಸಂಜೆ ಕರೆಂಟ್ ಹೋಯ್ತು.

ಹಸಿರು ಟಿಕ್ ಸುಳ್ಳು ಹೇಳಿರಲಿಲ್ಲ. ಫೈಲ್ ಸೇರಿತ್ತು, ರ‍್ಯಾಮಿಗೆ. ಎಲ್‌ಬಿಯು ತಾನಾಗಿ ಕಾಯುವುದು ಇಟಿಸಿ ಫೋಲ್ಡರನ್ನು, ಅಂದರೆ ಸೆಟ್ಟಿಂಗುಗಳನ್ನು. ಹೋಮ್ ಬೇಕು ಅಂದ್ರೆ ನಾವು ಹೆಸರಿಟ್ಟು ಸೇರಿಸಬೇಕು. ದಾಖಲೆಯಲ್ಲಿ ಇದೆಲ್ಲ ಸ್ಪಷ್ಟವಾಗಿ ಬರೆದಿದೆ. ನಾನೂ ಓದಿದ್ದೆ. ಆಫೀಸಿನಲ್ಲಿ "ಕಂಟೇನರೊಳಗೆ ಡೇಟಾ ಇಡಬೇಡ, ವಾಲ್ಯೂಮ್ ಮೌಂಟ್ ಮಾಡು" ಅಂತ ಜೂನಿಯರುಗಳಿಗೆ ಬೈಯುವ ಮನುಷ್ಯ ನಾನು! ತಪ್ಪು ನೂರಕ್ಕೆ ನೂರು ನನ್ನದು.

ಆದರೂ ನನ್ನ ತಪ್ಪಿನಲ್ಲೇ ವಿಮರ್ಶೆಗೆ ಒಂದು ಮಾತಿದೆ. ಭಾರ ಅನ್ನೋದು ಮಾಯ ಆಗಲ್ಲ, ಜಾಗ ಬದಲಾಯಿಸುತ್ತೆ. ಡಿಸ್ಕಿನಿಂದ ಇಳಿಸಿದ ಭಾರ ಯಾರದೋ ನೆನಪಿನ ಮೇಲೆ ಕೂತಿರುತ್ತೆ. ರಾಸ್ಪಿಯನ್ ಮಾಡಿದ ಇಬ್ಬರು ಭಾರವನ್ನು ತಾವು ಹೊತ್ತು ಬಳಸುವವರಿಗೆ ಹಗುರ ಮಾಡಿದರು. ಡಿಸ್ಕ್‌ಲೆಸ್ ವಿಧಾನ ಯಂತ್ರಕ್ಕೆ ಹಗುರ ಮಾಡಿ, "ಉಳಿಸು ಅಂತ ಹೇಳೋದು ನಿನ್ನ ಕೆಲಸ" ಅಂತ ಮನುಷ್ಯನಿಗೆ ಹೊರಿಸುತ್ತೆ. ಎರಡೂ ಒಪ್ಪಬಹುದಾದ ಒಪ್ಪಂದವೇ. ಆದರೆ ಆ ಎರಡನೇ ಒಪ್ಪಂದಕ್ಕೆ ಸಹಿ ಹಾಕಿದ್ದು ನಾನು, ಬೆಂಗಳೂರಿನಲ್ಲಿ ಕೂತವನು. ನಷ್ಟ ಆದದ್ದು ಆ ಕಮಾಂಡಿನ ಹೆಸರೇ ಕೇಳದ ಅಜ್ಜಿಗೆ. ಏನೇನು ಉಳಿದಿಲ್ಲ ಅಂತ ತೋರಿಸುವ ಕಮಾಂಡೂ ಆಲ್ಪೈನ್‌ನಲ್ಲಿದೆ, ಕೇಳಿದರೆ ಮಾತ್ರ ಹೇಳುತ್ತೆ. ಕೇಳಬೇಕು ಅಂತ ಗೊತ್ತಿರೋರಿಗೆ ಅದು ಬೇಕಾಗೇ ಇಲ್ಲ.

ಟೂ-ಇನ್-ಒನ್‌ನಲ್ಲಿ ಕೆಂಪು ಗುಂಡಿ ಒತ್ತಿದರೆ ಮುಗಿಯಿತು, ಟೇಪಿನ ಮೇಲೆ ಬಿದ್ದದ್ದು ಬಿತ್ತು. ಎರಡನೇ ಪರೀಕ್ಷೆಯಲ್ಲಿ ನನ್ನ ಪೆಟ್ಟಿಗೆ ಫೇಲು.

ಈಗ ಹೀಗೆ ಮಾಡಿದ್ದೀನಿ. ಸಿಸ್ಟಮ್ ರ‍್ಯಾಮಿನಲ್ಲೇ ಇದೆ, ಆಲ್ಪೈನೇ. ಬೋರ್ಡಿನಲ್ಲಿ ಎರಡು ಯುಎಸ್‌ಬಿ ಕಿಂಡಿ ಇವೆ. ಒಂದರಲ್ಲಿ ಹಳೇ ಹಾಡು, ಓದೋಕೆ ಮಾತ್ರ. ಇನ್ನೊಂದರಲ್ಲಿ ಹೊಸದಕ್ಕೆ ಬೇರೆ ಪೆನ್‌ಡ್ರೈವ್. ವೈಫೈ ಫೋಲ್ಡರ್ ನೇರ ಅದರೊಳಗೇ ಇದೆ, ಬಂದದ್ದನ್ನು ಆಗಿಂದಾಗಲೇ ಬರೆಯುವಂತೆ ಸಿಂಕ್ ಹಾಕಿ ಮೌಂಟ್ ಮಾಡಿದ್ದೀನಿ. ಪೆನ್‌ಡ್ರೈವೂ ಫ್ಲ್ಯಾಶೇ ಆದ್ದರಿಂದ ಅದನ್ನೂ ನಂಬಲ್ಲ. ರಾತ್ರಿ ನೆಟ್ ಇದ್ದಾಗ ಆರ್‌ಸಿಂಕ್ ಒಂದು ಪ್ರತಿಯನ್ನು ಬೆಂಗಳೂರಿಗೆ ತರುತ್ತೆ.

ನೀವೂ ಹಳೇ ಬೋರ್ಡು ಹೊರಗೆ ತೆಗೀತೀರಾ ಅಂದ್ರೆ ನನ್ನ ಲೆಕ್ಕ ಇಷ್ಟು. ಫ್ಲ್ಯಾಟಿನಲ್ಲಿ ಯುಪಿಎಸ್ ಇದ್ದು, ವಾರಾಂತ್ಯದಲ್ಲಿ ಆಡೋಕೆ ಡಯಟ್‌ಪೈ ಸಾಕು, ಖುಷಿಯಾಗಿರ್ತೀರಿ. ಡೆಬಿಯನ್ ಅಭ್ಯಾಸ ಬಿಡೋಕಾಗಲ್ಲ ಅನ್ನೋರು ರಾಸ್‌ಬೆರಿ ಪೈ ಓಎಸ್ ಲೈಟ್ ಹಾಕಿ, ಮೊದಲ ದಿನವೇ ಓವರ್‌ಲೇ ಆನ್ ಮಾಡಿ. ಸ್ವಿಚ್ಚು ಬೇರೆಯವರ ಕೈಯಲ್ಲಿರುವ ಮನೆಗೆ ಆಲ್ಪೈನ್ ಡಿಸ್ಕ್‌ಲೆಸ್‌ನಷ್ಟು ಗಟ್ಟಿ ನನಗೆ ಇನ್ನೊಂದು ಸಿಕ್ಕಿಲ್ಲ. ಆದರೆ ಯಾವುದೇ ಹಾಕಿ, ಓವರ್‌ಲೇ ಆದರೂ ಇದೇ ಕಥೆ, ಆ ಮನೆಯವರ ಕೈಗೆ ಕೊಡುವ ಮುಂಚೆ ಒಂದು ಫೈಲ್ ಹಾಕಿ, ಕಣ್ಣು ಮುಚ್ಚಿ ಪ್ಲಗ್ ಕಿತ್ತು, ಮತ್ತೆ ಹಾಕಿ ನೋಡಿ. ಫ್ರೀ ಕಮಾಂಡ್ ಕೊಟ್ಟು ಸ್ಕ್ರೀನ್‌ಶಾಟ್ ತೆಗೆಯೋದು ಆಮೇಲೆ.

ಅಜ್ಜಿ ಮತ್ತೆ ಹಾಡಿದಳು. ನಾಲ್ಕು ಪದ ಬಂತು. ಐದನೆಯದರ ಮೊದಲ ಸೊಲ್ಲು ಹಿಡಿದು ನಿಂತಳು. "ಬೀಸೋ ಕಲ್ಲು ಇದ್ದಿದ್ರೆ ಬರ್ತಿತ್ತೇನೋ ಮಗಾ" ಅಂದಳು. ಇವತ್ತಿಗೂ ಬಂದಿಲ್ಲ.

ಈಗ ಯಾರಾದರೂ ಫೋನ್ ಹಿಡಿದು ಎದುರು ಕೂತರೆ ಅವಳು ಮೊದಲು ಪೆಟ್ಟಿಗೆ ಕಡೆ ಕೈ ತೋರಿಸಿ ಕೇಳ್ತಾಳೆ: "ಇದು ಬರಕೊಳ್ತದೋ, ಬರೀ ಕೇಳಿಸ್ಕೊಂಡು ಸುಮ್ಮನಾಗ್ತದೋ?"