ತಿದ್ದಬಾರದ ತಪ್ಪುಗಳು



ದೇವನೂರ ಮಹಾದೇವರ 'ಕುಸುಮಬಾಲೆ' (1984) ಓದಲು ಕಷ್ಟ ಎಂಬ ಮಾತು ನಮ್ಮ ಕೂಟದಲ್ಲಿ ಎಷ್ಟೋ ಸಲ ಬಂದಿದೆ. ನಾವೂ ತಲೆಯಾಡಿಸಿದವರೇ. ಆ ಅಭಿಪ್ರಾಯ ಈಚೆಗೆ ಬದಲಾಯಿತು. ಅದಕ್ಕೆ ಕಾರಣ ಪ್ರೂಫ್ ರೀಡಿಂಗ್.

ಕ್ಯಾಲಿಫೋರ್ನಿಯಾದ ಬೆನೆಟೆಕ್ ಸಂಸ್ಥೆ 2002ರಲ್ಲಿ ಆರಂಭಿಸಿದ ಬುಕ್‌ಶೇರ್, ಕಣ್ಣು ಕಾಣದವರಿಗೆ ಮತ್ತು ಡಿಸ್ಲೆಕ್ಸಿಯಾದಂಥ ತೊಂದರೆಯಿಂದ ಅಚ್ಚಿನ ಪುಟ ಓದಲಾಗದವರಿಗೆ ಇರುವ ಲೈಬ್ರರಿ. ನಾವು ಕೆಲವರು ಅಲ್ಲಿ ಸ್ವಯಂಸೇವಕರಾಗಿ, ಸ್ಕ್ಯಾನ್ ಆದ ಇಂಗ್ಲಿಷ್ ಪುಸ್ತಕಗಳಲ್ಲಿ ಓಸಿಆರ್ ಮಾಡಿದ ತಪ್ಪುಗಳನ್ನು ತಿದ್ದುತ್ತಿದ್ದೆವು. 'ಮಾಡರ್ನ್' ಎಂಬುದು ಅದರ ಕಣ್ಣಿಗೆ 'ಮೋಡೆಮ್' ಆಗುತ್ತದೆ! ಎರಡೂ ನಿಘಂಟಿನ ಪದಗಳೇ, ಹಾಗಾಗಿ ಸ್ಪೆಲ್ ಚೆಕ್ಕರ್ ತೆಪ್ಪಗಿರುತ್ತದೆ. ಅಲ್ಲಿ ಕಲಿತ ಪಾಠ ಇಷ್ಟು: ಯಂತ್ರವನ್ನು ತಿದ್ದು, ಲೇಖಕನನ್ನು ತಿದ್ದಬೇಡ.

ಈ ಧೈರ್ಯದ ಮೇಲೆ, ದೃಷ್ಟಿಯಿಲ್ಲದ ಗೆಳೆಯರೊಬ್ಬರಿಗಾಗಿ 'ಕುಸುಮಬಾಲೆ'ಯ ಕೆಲವು ಪುಟ ಸ್ಕ್ಯಾನ್ ಮಾಡಿಕೊಂಡು ಕೂತೆವು. 'ಯಾರು' ಎಂಬುದು 'ಮಾರು' ಆಗಿದ್ದರೆ ಹಿಡಿಯಬಹುದು. ಆದರೆ ಇದು ನಂಜನಗೂಡು ಸೀಮೆಯ ಆಡುಮಾತು. ಪದಗಳು ಬಾಯಲ್ಲಿ ಸವೆದ ಹಾಗೆಯೇ ಅಚ್ಚಾಗಿವೆ. ಯಾವುದು ಓಸಿಆರ್ ತಪ್ಪು, ಯಾವುದು ಊರಿನ ನುಡಿ? ಪಠ್ಯಪುಸ್ತಕದ ಕನ್ನಡ ಕಲಿತ ನಮಗೆ ಎರಡೂ ಒಂದೇ ಥರ ಕಂಡವು. ಒಂದು ಕಡೆ 'ಸರಿ' ಮಾಡಿಯೂ ಬಿಟ್ಟೆವು. ಮೂಲ ಪುಟ ನೋಡಿದರೆ, ತಪ್ಪು ನಮ್ಮದೇ. ಕಣ್ಣಿದ್ದವರು ಅನುಮಾನ ಬಂದರೆ ಪುಟ ತಿರುವಿ ನೋಡಬಹುದು. ನಮ್ಮ ಗೆಳೆಯರಿಗೆ ನಾವು ಕೊಟ್ಟದ್ದೇ ಪುಸ್ತಕ.

ಕೊನೆಗೆ ಅನುಮಾನದ ಸಾಲುಗಳನ್ನೆಲ್ಲ ಗಟ್ಟಿಯಾಗಿ ಓದಿದೆವು. ಕಣ್ಣಿಗೆ ಒಡಕಾಗಿ ಕಂಡದ್ದು ಕಿವಿಗೆ ಸಲೀಸಾಯಿತು. ದೀಪಗಳ ಜೋತಮ್ಮಂದಿರು ಕೂಡಿ ಮಾತಾಡುವ ಭಾಗವಂತೂ ಅಜ್ಜಿ ಕತೆ ಹೇಳಿದಂತೆಯೇ ಇತ್ತು. ಕಿವಿಯಿಂದ ಎಲ್ಲವೂ ಬಗೆಹರಿಯುವುದಿಲ್ಲ ಎನ್ನುವುದೂ ನಿಜ: ಕತೆ ಹಿಂದಕ್ಕೂ ಮುಂದಕ್ಕೂ ಜಿಗಿಯುವಾಗ ಯಾರು ಯಾರ ಸಂಬಂಧಿ ಎಂದು ಕೇಳುಗ ತಡವರಿಸುತ್ತಾನೆ. ಆದರೂ ಭಾಷೆಯ ಮೇಲೆ ನಾವು ಹೊರಿಸಿದ್ದ ದೂರು ನಿಲ್ಲುವುದಿಲ್ಲ. ಅದನ್ನು ನಾವು ಕೇಳಿಸಿಕೊಂಡೇ ಇರಲಿಲ್ಲ.

ಫೈಲ್ ಕಳಿಸಿದೆವು. ಮೈಸೂರು ಕಡೆಯವರಾದ ಗೆಳೆಯರು ಕಂಪ್ಯೂಟರಿನ ಆ ಒಂದೇ ರಾಗದ ದನಿಯಲ್ಲಿ ಕೇಳಿ, ಫೋನ್ ಮಾಡಿದರು: "ಮೂರನೇ ಪುಟದಲ್ಲಿ ಒಂದು ಪೇಟೆ ಪದ ಸೇರ್ಕೊಂಡಿದೆ ಕಣ್ರಪ್ಪ, ನೋಡಿ."

ನೋಡಿದೆವು. ನಾವು ತಿದ್ದಿ ಮರೆತಿದ್ದ ಇನ್ನೊಂದು ಪದ ಅಲ್ಲಿತ್ತು.