ಹೆಸರು ಬೀಳುವ ಹೊತ್ತು

ಪತ್ತೇದಾರಿ ಚಿತ್ರ, ದೆವ್ವದ ಚಿತ್ರಗಳ ಟೈಟಲ್ ಬಗ್ಗೆ ಮಾತು ಬಂದಾಗಲೆಲ್ಲ ನಮ್ಮ ವಿಮರ್ಶಕರು ದೃಶ್ಯಗಳನ್ನೂ ಹಿನ್ನೆಲೆ ಸಂಗೀತವನ್ನೂ ಹೊಗಳಿ ಮುಗಿಸುತ್ತಾರೆ. ಆದರೆ ಆ ಎರಡು ಮೂರು ನಿಮಿಷ ನಾವು ಓದುತ್ತಿರುವುದು ಹೆಸರುಗಳನ್ನು. ಯಾರ ಹೆಸರು ಬಂತು, ಯಾವ ಗಾತ್ರದಲ್ಲಿ ಬಂತು, ಯಾರದು ಬರಲೇ ಇಲ್ಲ ಎಂಬಲ್ಲಿಯೇ ಕುತೂಹಲದ ಮೊದಲ ಗಂಟು ಬೀಳುತ್ತದೆಂದು ನನ್ನ ಎಣಿಕೆ. ದಿನವಿಡೀ ಹೆಸರಿನ ಪಟ್ಟಿ ಓದುವ ಬ್ಯಾಂಕ್ ಗುಮಾಸ್ತನಿಗೆ ಇನ್ನು ಹೇಗೆ ತೋರೀತು ಎಂದು ಯಾರಾದರೂ ನಕ್ಕರೆ ತಕರಾರಿಲ್ಲ.

ಗಡಿನಾಡಿನವರಿಗೆ ಈ ಆಟ ಹೊಸತಲ್ಲ. ಯಕ್ಷಗಾನದ ಬಣ್ಣದ ವೇಷ ತೆರೆಯ ಹಿಂದಿನಿಂದ ಕಿರೀಟವನ್ನಷ್ಟೇ ತೋರಿಸಿ, ಅಬ್ಬರಿಸಿ, ಮತ್ತೆ ಮರೆಯಾಗುತ್ತದೆ. ಕಥಕಳಿಯ ತಿರನೋಟ್ಟವೂ ಅದೇ ಜಾತಿಯದು. ಒಳಗಿರುವವನು ರಾವಣನೆಂದು ಸಭೆಗೆಲ್ಲ ಗೊತ್ತು, ತೆರೆ ಯಾವಾಗ ಸರಿಯುತ್ತದೆಂದು ಮಾತ್ರ ಗೊತ್ತಿಲ್ಲ. ಸಿನಿಮಾದ ಟೈಟಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಳಗೆ ಯಾರು ಎಂಬುದನ್ನೂ ಮುಚ್ಚಿಡಬಲ್ಲದು.

ಹಿಚ್‌ಕಾಕ್‌ನ 'ಸೈಕೋ' (1960) ನೋಡಿ. ಸಾಲ್ ಬಾಸ್ ರೂಪಿಸಿದ ಟೈಟಲ್‌ನಲ್ಲಿ ಬೂದು ಪಟ್ಟಿಗಳು ನುಗ್ಗಿ ಬಂದು ಅಕ್ಷರಗಳನ್ನು ಸೀಳುತ್ತವೆ. ಬರ್ನಾರ್ಡ್ ಹರ್ಮನ್ ಬರೀ ತಂತಿವಾದ್ಯಗಳಿಂದ ಎದೆಬಡಿತ ಏರಿಸುತ್ತಾನೆ. ಇಷ್ಟನ್ನು ಎಲ್ಲರೂ ಬರೆದಿದ್ದಾರೆ. ನನ್ನನ್ನು ಹಿಡಿದದ್ದು ಪಾತ್ರವರ್ಗದ ಕೊನೆಯ ಸಾಲು: ಮರಿಯನ್ ಕ್ರೇನ್ ಪಾತ್ರದಲ್ಲಿ ಜಾನೆಟ್ ಲೀ. ಪಾತ್ರದ ಹೆಸರು ಸಮೇತ ಬರುವ ಆ ಮರ್ಯಾದೆ ಆಕೆಗೆ ಮಾತ್ರ. ಇವಳೇ ಕಥಾನಾಯಕಿ, ಕೊನೆಯವರೆಗೂ ಇರುತ್ತಾಳೆ ಎಂದು ನಂಬಿ ಕುಳಿತವನ ಕಣ್ಣೆದುರೇ, ಚಿತ್ರ ಅರ್ಧ ದಾರಿ ಮುಟ್ಟುವ ಮೊದಲೇ, ಆಕೆಯ ಕೊಲೆಯಾಗುತ್ತದೆ. ಡೇವಿಡ್ ಫಿಂಚರ್‌ನ 'ಸೆವೆನ್' (1995) ತಿರುಗಿಸಿ ಆಡಿತು. ಕೈಲ್ ಕೂಪರ್ ಮಾಡಿದ ಟೈಟಲ್‌ನಲ್ಲಿ ಮುಖವಿಲ್ಲದ ಕೈಗಳು ಬ್ಲೇಡಿನಿಂದ ಬೆರಳ ತುದಿಯ ಚರ್ಮ ಹೆರೆಯುತ್ತವೆ. ಆ ಪಾತ್ರದ ಕೆವಿನ್ ಸ್ಪೇಸಿಯ ಹೆಸರು ಮಾತ್ರ ಆರಂಭದ ಪಟ್ಟಿಯಲ್ಲಿಲ್ಲ. ಕೈ ಕಂಡಿತು, ಹೆಸರು ಕಾಣಲಿಲ್ಲ.

ನಮ್ಮಲ್ಲಿ ಹೆಸರೇ ಗುಟ್ಟು ಬಿಟ್ಟುಕೊಡುತ್ತದೆ. 'ವಜ್ರಮುನಿ' ಎಂದು ಓದಿದ ಮೇಲೆ ಕೊಲೆಗಾರನನ್ನು ಹುಡುಕುವ ಶ್ರಮವೇಕೆ? ಜಾಣ ನಿರ್ದೇಶಕ ಈ ಅಭ್ಯಾಸವನ್ನೇ ಬಂಡವಾಳ ಮಾಡಿಕೊಳ್ಳುತ್ತಾನೆ. ಫಾಸಿಲ್ ಅವರ 'ಮಣಿಚ್ಚಿತ್ರತ್ತಾಳ್' (1993) ಚಿತ್ರದಲ್ಲಿ ನಾಯಕಿ ಶೋಭನಾ ಎಂದು ತಿಳಿದವರ ಶಂಕೆ ಆಕೆಯತ್ತ ಹೋಗುವುದೇ ಇಲ್ಲ. ಕಥೆ ನಮ್ಮ ಉಡುಪಿಯ ವಿನಯಾ ಪ್ರಸಾದ್ ಮಾಡಿದ ಶ್ರೀದೇವಿಯತ್ತ ಬೊಟ್ಟು ಮಾಡಿದಾಗ ಥಟ್ಟನೆ ನಂಬಿಬಿಡುತ್ತೇವೆ. ಪಿ. ವಾಸು ಅವರ 'ಆಪ್ತಮಿತ್ರ'ದಲ್ಲಿ (2004) ಆ ಜಾಗದಲ್ಲಿ ಪ್ರೇಮಾ. ಅವರೂ ಹೆಸರು ಮಾಡಿದ ನಾಯಕಿ. ಸೌಂದರ್ಯಾ, ಪ್ರೇಮಾ ಎಂದು ಎರಡನ್ನೂ ಓದಿದಾಗ ತಕ್ಕಡಿ ಸಮವಾಗಿ ಶಂಕೆಯ ಬಿಗಿ ಸಡಿಲಿತು. ಆದರೆ ಚಿತ್ರ ತೆರೆಗೆ ಬರುವ ಮೊದಲೇ, ಆ ವರ್ಷದ ಏಪ್ರಿಲ್‌ನಲ್ಲಿ, ಸೌಂದರ್ಯಾ ತೀರಿಹೋಗಿದ್ದರು. ಆ ಹೆಸರು ಬಿದ್ದಾಗ ಕವಿದ ಮೌನ ಯಾವ ನಿರ್ದೇಶಕನೂ ಯೋಜಿಸಿದ್ದಲ್ಲ.

ಸುನೀಲ್ ಕುಮಾರ್ ದೇಸಾಯಿ ಇನ್ನೊಂದು ದಾರಿ ಹಿಡಿದರು. 'ತರ್ಕ' (1989), 'ನಿಷ್ಕರ್ಷ' (1993) ಎರಡರಲ್ಲೂ ಹಾಡಿಲ್ಲ. ಹಾಡಿಲ್ಲದ ಚಿತ್ರಕ್ಕೆ ಗೀತರಚನೆಕಾರರ, ಹಿನ್ನೆಲೆ ಗಾಯಕರ ಸಾಲು ಎಲ್ಲಿಂದ ಬರಬೇಕು? ಆ ಕಾರ್ಡಿಗಾಗಿ ಕಾದವನಿಗೆ ಅದು ಬರದಿರುವುದೇ ಎಚ್ಚರಿಕೆ: ಉಸಿರಾಡಲು ಬಿಡುವು ಸಿಗುವುದಿಲ್ಲ. ಎರಡನೆಯದು ಬ್ಯಾಂಕ್ ದರೋಡೆಯ ಕಥೆಯಾದ್ದರಿಂದ ಅದರ ಮೇಲೆ ನನಗೆ ಸ್ವಲ್ಪ ಪಕ್ಷಪಾತ.

ಹೆಸರು ಬಾರದವರ ಮಾತು ಗೋವೆಯಲ್ಲಿ ನೆಲೆಸಿದವನಿಗೆ ಬೇರೆ ರೀತಿಯಲ್ಲೂ ತಟ್ಟುತ್ತದೆ. ಪೋರ್ಚುಗೀಸರ ಕಾಲದಲ್ಲಿ ಇಲ್ಲಿನ ಇಗರ್ಜಿ ಶಾಲೆಗಳಲ್ಲಿ ಮಕ್ಕಳಿಗೆ ಪಿಟೀಲನ್ನೂ ಪಾಶ್ಚಾತ್ಯ ಸ್ವರಲಿಪಿಯನ್ನೂ ಕಲಿಸುತ್ತಿದ್ದರು. ಆ ವಿದ್ಯೆ ಹೊತ್ತು ಮುಂಬಯಿಗೆ ಹೋದವರೇ ಹಿಂದಿ ಚಿತ್ರಗಳ ವಾದ್ಯವೃಂದವನ್ನು ತುಂಬಿದರು. ಸಂಗೀತ ನಿರ್ದೇಶಕರು ರಾಗ ಹಾಡಿ ತೋರಿಸಿದರೆ, ನೂರು ವಾದ್ಯಗಳಿಗೆ ಅದನ್ನು ಹಂಚಿ ಬರೆಯುವವರು ಇವರು. ಟೈಟಲ್ ಸಂಗೀತಕ್ಕೆ ಬಹುಮಟ್ಟಿಗೆ ಸಾಹಿತ್ಯವೂ ಇಲ್ಲ, ಗಾಯಕನೂ ಇಲ್ಲ. ಅಲ್ಲಿ ಬೆನ್ನುಹುರಿಯಲ್ಲಿ ಚಳಿ ಹುಟ್ಟಿಸುವುದು ಈ ಬರವಣಿಗೆಯೇ. ಶಂಕರ್-ಜೈಕಿಶನ್ ಜೋಡಿಗೆ ಬರೆದುಕೊಡುತ್ತಿದ್ದವರು ಗೋವೆಯ ಸೆಬಾಸ್ಟಿಯನ್ ಡಿಸೋಜಾ. ಅವರ ಹೆಸರಾದರೂ ಸಹಾಯಕರ ಸಾಲಿನಲ್ಲಿ ಸಣ್ಣಕ್ಷರದಲ್ಲಿ ಸಿಗುತ್ತದೆ, ಸಾಲುಸಾಲು ಪಿಟೀಲುಗಾರರದು ಅದೂ ಇಲ್ಲ. ಆ ಜೋಡಿ ಸಂಗೀತ ಕೊಟ್ಟ ಕೊಲೆಗಳ ಸರಮಾಲೆಯ ಚಿತ್ರ 'ಗುಮ್‌ನಾಮ್' (1965). ಗುಮ್‌ನಾಮ್ ಎಂದರೆ ಹೆಸರಿಲ್ಲದವ! ಮಜೋರ್ಡಾದ ಆಂಟನಿ ಗೊನ್ಸಾಲ್ವಿಸ್ ಅವರ ಹೆಸರು ದೇಶದ ಬಾಯಲ್ಲಿ ಆಡಿದ್ದು 1977ರಲ್ಲಿ, 'ಅಮರ್ ಅಕ್ಬರ್ ಆಂಟನಿ'ಯ ಹಾಡಿನಿಂದ. ಶಿಷ್ಯ ಪ್ಯಾರೇಲಾಲ್ ಸಲ್ಲಿಸಿದ ಗುರುದಕ್ಷಿಣೆಯದು.

ಈಗ ಟೈಟಲ್ ಆರಂಭವಾಗುವ ಮೊದಲೇ ಬಿಗಿ ಹೋಗಿರುತ್ತದೆ. ಹಿಂದೆ ಸೆನ್ಸಾರ್ ಪತ್ರದ 'ಎ' ಅಕ್ಷರವೇ ಅರ್ಧ ಭಯ ಹುಟ್ಟಿಸುತ್ತಿತ್ತು. 2012ರ ಅಕ್ಟೋಬರ್‌ನಿಂದ ತಂಬಾಕಿನ ಎಚ್ಚರಿಕೆ ಕಡ್ಡಾಯವಾಯಿತು, ಅದರ ಮೇಲೆ ಕೃತಜ್ಞತೆಗಳ ಮೆರವಣಿಗೆ. ಎಚ್ಚರಿಕೆಗೆ ನನ್ನ ವಿರೋಧವಿಲ್ಲ, ಕೃತಜ್ಞತೆಗಿದೆ. ಬೇಸತ್ತ ನಿರ್ದೇಶಕರು ಪಟ್ಟಿಯನ್ನೇ ಕೊನೆಗೆ ಸಾಗಿಸುತ್ತಿದ್ದಾರೆ. 2004ರಿಂದ ಗೋವೆಯಲ್ಲಿ ನಡೆಯುತ್ತಿರುವ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲೂ ನಾನು ಕಂಡದ್ದು ಇದೇ. ಕೊನೆಯ ಪಟ್ಟಿ ದೀರ್ಘವಾಗಿದೆ, ಪಿಟೀಲುಗಾರರ ಹೆಸರೂ ಅದರಲ್ಲಿ ಬರುತ್ತದೆ. ಅಷ್ಟರಲ್ಲಿ ದೀಪ ಹತ್ತಿ, ಬಾಗಿಲು ತೆರೆದು, ಜನ ಮುಂದಿನ ಚಿತ್ರದ ಸಾಲಿಗೆ ಓಡಿರುತ್ತಾರೆ.